ಕಾರಿಲ್ಲದ ರಸ್ತೆಯಲ್ಲಿ ಓಫ್ರಿಯ ಸೈಕಲ್

"ಮೂವತ್ತೊಂದು ಜನರ ಹತ್ರ ಒಂದೇ ಸಲಕ್ಕೆ ಕ್ಷಮೆ ಕೇಳಿ ಮುಗಿಸ್ಬಿಟ್ಟೆ, ಅಜ್ಜೀ!" ಹದಾರ್ ಫೋನ್ ಎತ್ತಿ ತೋರಿಸಿದಳು.

ಅಜ್ಜಿ ಒಲೆಯ ಮುಂದೆ ಕೋಳಿ ಸೂಪಿನ ಉಪ್ಪು ನೋಡುತ್ತಿದ್ದರು. ಇನ್ನೆರಡು ಗಂಟೆಗೆ ಸೂರ್ಯ ಮುಳುಗಿ ಯೋಮ್ ಕಿಪ್ಪುರ್, ಯಹೂದಿಗಳ ಪ್ರಾಯಶ್ಚಿತ್ತದ ದಿನ, ಶುರು. ಆಮೇಲೆ ನಾಳೆ ಸಂಜೆಯವರೆಗೆ ದೊಡ್ಡವರಿಗೆ ಅನ್ನವಿಲ್ಲ, ನೀರಿಲ್ಲ. ಅದಕ್ಕೆ ಮುಂಚೆ, ಮನಸ್ಸು ನೋಯಿಸಿದವರ ಹತ್ತಿರ ಕ್ಷಮೆ ಕೇಳಿಬಿಡಬೇಕು.

"ಏನಂತ ಕೇಳ್ದೆ?"

"'ಯಾರಿಗಾದ್ರೂ ಬೇಜಾರು ಮಾಡಿದ್ರೆ ಸಾರಿ' ಅಂತ ಕ್ಲಾಸ್ ಗ್ರೂಪಿಗೆ ಹಾಕ್ದೆ. ಎಲ್ಲರೂ ಹಾರ್ಟ್ ಕಳಿಸಿದ್ದಾರೆ."

"ಓಫ್ರಿ?"

ಹದಾರ್ ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡಳು.

ವಯಸ್ಸು ಹತ್ತಾದರೂ ಗೆಳತಿ ಓಫ್ರಿಗೆ ಸೈಕಲ್ ಬರುತ್ತಿರಲಿಲ್ಲ. ಅದು ಹದಾರ್‌ಗೆ ಮಾತ್ರ ಗೊತ್ತಿದ್ದ ಗುಟ್ಟು. ಶಾಲೆಯ ಹಿಂದೆ ಹದಾರ್ ಅವಳಿಗೆ ಕದ್ದುಮುಚ್ಚಿ ಕಲಿಸುತ್ತಿದ್ದಳು. ಹೋದ ವಾರ ಎಲ್ಲರನ್ನೂ ನಗಿಸೋಣ ಎಂದು ಹದಾರ್ ಅದನ್ನು ಕ್ಲಾಸಿನಲ್ಲಿ ಹೇಳಿಬಿಟ್ಟಳು. ಎಲ್ಲರೂ ನಕ್ಕರು. ಅಂದಿನಿಂದ ಓಫ್ರಿ ಅವಳ ಪಕ್ಕ ಕೂರುವುದಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದ ಹಾಗಾಯ್ತಲ್ಲೇ!" ಅಂದರು ಅಜ್ಜಿ. "ದೇವರಿಗೆ ಮಾಡಿದ ತಪ್ಪನ್ನ ಈ ದಿನ ತೊಳೆಯುತ್ತೆ. ಓಫ್ರಿಗೆ ಮಾಡಿದ್ದನ್ನ ಓಫ್ರೀನೇ ಕ್ಷಮಿಸ್ಬೇಕು ಕಣೇ."

"ಅವಳು ಬಾಗಿಲು ಹಾಕ್ಬಿಟ್ರೆ?"

"ಮತ್ತೆ ಹೋಗು. ಮೂರು ಸಲವಾದ್ರೂ ಹೋಗ್ಬೇಕು ಅಂತ ಹಿರಿಯರು ಹೇಳಿದ್ದಾರೆ. ನಿಮ್ಮ ತಾತನ್ನ ನಾನು ಯಾವತ್ತೂ ಮೂರನೇ ಸಲಕ್ಕೇ ಕ್ಷಮಿಸಿದ್ದು!"

ಹದಾರ್ ಓಡಿದಳು. ಓಫ್ರಿ ಬಾಗಿಲನ್ನು ಒಂದಿಷ್ಟೇ ತೆರೆದು, "ಗ್ರೂಪಲ್ಲಿ ಹಾಕಿದ್ದೀಯಲ್ಲ, ಸಾಕು" ಎಂದು ದಢಾರನೆ ಮುಚ್ಚಿದಳು. ಮನೆಗೆ ಬಂದ ಹದಾರ್‌ಗೆ ಅಂದಿನ ಸೂಪು ರುಚಿಸಲೇ ಇಲ್ಲ.

ಹೊತ್ತು ಮುಳುಗಿತು. ಆ ದಿನ ಯಾರೂ ಗಾಡಿ ಓಡಿಸುವುದಿಲ್ಲ; ಊರಿನಲ್ಲಿ ಒಂದೇ ಒಂದು ಕಾರೂ ಓಡಲಿಲ್ಲ. ಅಜ್ಜಿ ಬಿಳಿ ಬಟ್ಟೆ ತೊಟ್ಟು, ಈ ದಿನ ಚರ್ಮದ್ದು ಕೂಡದೆಂದು ಬಟ್ಟೆಯ ಬೂಟು ಹಾಕಿಕೊಂಡು ಪ್ರಾರ್ಥನೆಗೆ ಹೊರಟರು. ವರ್ಷಕ್ಕೊಮ್ಮೆ ಸಿಗುವ ಖಾಲಿ ರಸ್ತೆಯ ತುಂಬ ಮಕ್ಕಳ ಸೈಕಲ್ಲುಗಳು ಇಳಿಜಾರಿನ ಕಡೆ ಹಾರಿದವು.

"ಏ ಹದಾರ್, ರೇಸು ಈ ಕಡೆ!" ಕ್ಲಾಸಿನ ಎಯಾಲ್ ಕೂಗಿದ.

"ಗೊತ್ತು," ಎಂದು ಹದಾರ್ ತನ್ನ ಹೊಸ ಸೈಕಲ್ಲನ್ನು ಓಫ್ರಿಯ ಮನೆಯ ಕಡೆಗೆ ತಿರುಗಿಸಿದಳು.

ಓಫ್ರಿ ತನ್ನ ಮನೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಆಡುವವರನ್ನು ನೋಡುತ್ತಿದ್ದಳು.

"ನಿನ್ನ ಗುಟ್ಟು ನಾನು ಹೇಳ್ಬಾರ್ದಿತ್ತು. ತಪ್ಪು ನಂದು. ಕ್ಷಮಿಸ್ತೀಯಾ?"

"ಎಲ್ಲರೂ ನಕ್ಕಾಗ ನೀನೂ ನಕ್ಕೆ."

"ಹೂಂ. ನಕ್ಕೆ."

ಓಫ್ರಿ ಎದ್ದು ಒಳಗೆ ಹೋದಳು. ಹದಾರ್‌ಗೆ ಅಳು ಬಂತು. ಇನ್ನೊಂದು ಸಲ ಉಳಿದಿದೆ ಎಂದುಕೊಂಡು ಮೂಗು ಒರೆಸಿಕೊಂಡಳು.

ಅಷ್ಟರಲ್ಲಿ ಮೆಟ್ಟಿಲ ಹಿಂದಿನಿಂದ ಕಿರ್ ಕಿರ್ ಸದ್ದು ಬಂತು. ಓಫ್ರಿ ಧೂಳು ಹಿಡಿದ ಸೈಕಲ್ಲನ್ನು ತಳ್ಳಿಕೊಂಡು ಬಂದಿದ್ದಳು.

"ಸೀಟು ಹಿಡ್ಕೋ. ಹೇಳ್ದೆ ಕೈ ಬಿಟ್ರೆ ನೋಡು ಮತ್ತೆ!"

"ಬಿಡಲ್ಲ."

ಹೊಸ ಸೈಕಲ್ ಗೋಡೆಗೆ ಒರಗಿ ನಿಂತಿತು. ಹದಾರ್ ಏದುಸಿರು ಬಿಡುತ್ತ ಹಿಂದೆ ಓಡಿದಳು. ಎದುರಿಗೆ ಬಂದವರು ನಕ್ಕರು. ಈ ಸಲ ಹದಾರ್ ನಗಲಿಲ್ಲ. ಆದರೆ ಒಳಗೊಳಗೇ ತುಂಬ ಖುಷಿಯಾಗಿತ್ತು.

ರಸ್ತೆ ಕವಲೊಡೆಯಿತು. ಎಡಕ್ಕೆ ಇಳಿಜಾರು, ರೇಸು. ಬಲಕ್ಕೆ ಶಾಲೆಯ ಹಿಂದಿನ ಅಂಗಳ.

'ಎಡಕ್ಕೆ' ಎನ್ನಲು ಹದಾರ್ ಬಾಯಿ ತೆರೆದಳು. ಆದರೆ ಹ್ಯಾಂಡಲ್ ಓಫ್ರಿಯ ಕೈಯಲ್ಲಿತ್ತು. ಬಾಯಿ ಮುಚ್ಚಿಕೊಂಡಳು.

ಓಫ್ರಿ ಬಲಕ್ಕೆ ತಿರುಗಿದಳು. ಸೀಟು ಬಿಡದೆ ಹದಾರ್ ಕೂಡ ಬಲಕ್ಕೆ ಓಡಿದಳು.