ಅವಳು ಎಂದರೆ ನಾನು

“ಅದನ್ನ ಆಫ್ ಮಾಡಿ. ಇಲ್ಲಾಂದ್ರೆ ಹೊರಗೆ ಹೋಗಿ.”

ಅವಳು ಅವನಿಗೆ ಆಡಿದ ಮೊದಲ ಮಾತು ಇದು. ವಿಶ್ವವಿದ್ಯಾಲಯದ ಮನಃಶಾಸ್ತ್ರ ಕ್ಲಬ್ಬಿನ ಅಧ್ಯಕ್ಷೆ ಅವಳು. ಕ್ಯಾಂಪಸ್ ರೇಡಿಯೋ ನಡೆಸುವವನು ಅವನು. ಕ್ಲಬ್ಬಿನ ಬಗ್ಗೆ ಕಾರ್ಯಕ್ರಮ ಮಾಡುತ್ತೇನೆಂದು ಮೈಕು ಹಿಡಿದುಕೊಂಡು, ಕೇಳದೆ ಹೇಳದೆ ಒಳಗೆ ನುಗ್ಗಿದ್ದ. ಕುರ್ಚಿಗಳನ್ನು ವೃತ್ತವಾಗಿ ಹಾಕಿಕೊಂಡು ಕೂತಿದ್ದವರೆಲ್ಲ ಗಪ್‌ಚುಪ್. ಅಳುತ್ತಿದ್ದ ಹುಡುಗಿಯೊಬ್ಬಳು ಮುಖ ತಿರುಗಿಸಿಕೊಂಡಳು.

ಅವನು ಅದನ್ನು ನೋಡಿದ. ಮರುಮಾತಾಡದೆ ಮೈಕನ್ನು ಬಾಗಿಲ ಹೊರಗಿಟ್ಟು ಬಂದು, ಖಾಲಿಯಿದ್ದ ಮಡಚುವ ಕುರ್ಚಿಯನ್ನು ಬಿಡಿಸಿ ಕೂತ.

“ಮಾತಾಡೋದೇ ನನ್ನ ಕಸುಬು. ಸುಮ್ನೆ ಕೂತು ಕೇಳೋದು ಹೇಗೆ ಅಂತ ಕಲಿಸ್ತೀರಾ?”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಸಂಜೆ ಹಾಸ್ಟೆಲಿಗೆ ನಡೆಯುವಾಗ ಆ ಧ್ವನಿ ಕಿವಿಯಲ್ಲೇ ಇತ್ತು. ‘ಥೂ, ಏನಾಗಿದೆ ನಂಗೆ...’ ಎಂದು ತನ್ನನ್ನೇ ಬೈದುಕೊಂಡಳು.

ಕ್ಲಬ್ಬಿನಲ್ಲಿ ಅವನಿಗೆ ‘ರೇಡಿಯೋ’ ಎಂದೇ ಹೆಸರಾಯಿತು. ಅವಳು ಕಲಿಸಿದ ಎರಡು ನಿಯಮಗಳನ್ನು ಅವನು ಒಳ್ಳೆಯ ಹುಡುಗನಂತೆ ಕಲಿತ. ವೃತ್ತದಲ್ಲಿ ಕೇಳಿದ್ದು ವೃತ್ತದ ಹೊರಗೆ ಹೋಗಬಾರದು. ‘ನಾನು’ ಎನ್ನಲು ನಾಲಿಗೆ ಹೊರಳದವರು, ಬೇರೆ ಯಾರದೋ ಕಥೆಯೆಂಬಂತೆ ‘ಅವನು’, ‘ಅವಳು’ ಎಂದು ಹೇಳಿಕೊಳ್ಳಬಹುದು. ಎರಡನೆಯದು ಅವಳೇ ಹುಟ್ಟುಹಾಕಿದ್ದು. ಅಂಥ ಕಥೆಗಳೆಲ್ಲ ಒಂದೇ ಮಾತಿನಿಂದ ಶುರುವಾಗುತ್ತಿದ್ದವು: “ಅವಳಿಗೆ ಹೇಳೋಕೆ ಬಾಯಿ ಬರ್ತಿಲ್ಲ...”

ಒಂದು ದಿನ ಅವಳೂ ಹೇಳಿಕೊಂಡಳು. “ಅವಳಿಗೆ ಹೇಳೋಕೆ ಬಾಯಿ ಬರ್ತಿಲ್ಲ. ಎಲ್ಲರ ಕಷ್ಟ ಕೇಳ್ತಾಳೆ. ಅವಳದ್ದು ಕೇಳೋರು ಯಾರೂ ಇಲ್ಲ.”

ಮರುದಿನ ಅವನು ಕಾಫಿ ಲೋಟ ಹಿಡಿದು ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದ. “ಇದನ್ನ ಅವಳಿಗೆ ತಲುಪಿಸ್ತೀರಾ?”

ಅವಳು ಲೋಟ ತೆಗೆದುಕೊಂಡಳು. ಕೆನ್ನೆ ಕೆಂಪಾದದ್ದನ್ನು ಮುಚ್ಚಿಡಲು ಕಾಫಿ ತುಂಬ ಬಿಸಿಯಿದೆ ಎಂದು ಸುಳ್ಳು ಹೇಳಿದಳು. ಆಮೇಲಿನ ದಿನಗಳು ಹಗುರವಾಗಿದ್ದವು, ಒಬ್ಬ ತಾಯಿ ವಿಭಾಗದ ಮುಖ್ಯಸ್ಥೆಯ ಕೋಣೆಗೆ ಬರುವವರೆಗೆ.

ಆಕೆ ಮೊದಲ ವರ್ಷದ ಹುಡುಗಿಯೊಬ್ಬಳ ಅಮ್ಮ. ವೃತ್ತದಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಆ ಹುಡುಗಿಯನ್ನು ಎಲ್ಲರೂ ‘ಮರಿ’ ಎನ್ನುತ್ತಿದ್ದರು. ಮುಖ್ಯಸ್ಥೆ ಕ್ಲಬ್ಬಿನ ಅಧ್ಯಕ್ಷೆಯಾದ ಅವಳನ್ನೂ ಕರೆಸಿದರು.

“ನನ್ನ ಮಗಳ ಕಷ್ಟ ನಿಮ್ಮ ಕ್ಲಬ್ಬಿಗೆಲ್ಲ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ,” ಎಂದು ಆ ತಾಯಿ ಫೋನ್ ಹೊರತೆಗೆದರು. “ಕೇಳಿ, ಯಾರೋ ಕಳಿಸಿದ ಮೆಸೇಜು. ‘ನಿಮ್ಮ ಮಗಳು ಈ ಸಲ ಪರೀಕ್ಷೆ ಬರೆದಿಲ್ಲ. ಬಾಗಿಲ ತನಕ ಹೋಗ್ತಾಳೆ, ಕೈಕಾಲು ತಣ್ಣಗಾಗಿ ವಾಪಸ್ ಬರ್ತಾಳೆ. ಬೈಬೇಡಿ. ಅವಳಿಗೆ ಹೇಳೋಕೆ ಬಾಯಿ ಬರ್ತಿಲ್ಲ.’ ಇದನ್ನ ಹೇಳೋಕೆ ಇವರ್ಯಾರು?”

ತಾಯಿ ಮುಂದೆ ಹಿಡಿದ ಫೋನಿನಲ್ಲಿ ಅವಳು ನಂಬರ್ ನೋಡಿದಳು. ಅದು ಅವಳಿಗೆ ಬಾಯಿಪಾಠವಾಗಿದ್ದ ನಂಬರ್, ‘ರೇಡಿಯೋ’ದು. ಮುಖ್ಯಸ್ಥೆಯೂ ಅದನ್ನು ಗುರುತಿಸಿದ್ದರು.

ತಾಯಿ ಹೋದ ಮೇಲೆ ಮುಖ್ಯಸ್ಥೆ ಕನ್ನಡಕ ತೆಗೆದಿಟ್ಟರು. “ನಿಮ್ಮನ್ನ ನಂಬಿ ಮಕ್ಕಳು ಬಾಯಿ ಬಿಡ್ತಾರಮ್ಮ. ಇದು ಅವನದೇ ಕೆಲಸ ಅಂತ ನೀನು ಹೇಳಿದ್ರೆ, ರೇಡಿಯೋಗೂ ತಿಳಿಸ್ತೀನಿ. ಅಂಥವನ ಕೈಯಲ್ಲಿ ಮೈಕ್ ಇರಬಾರದು. ಇಲ್ಲಾಂದ್ರೆ ಕ್ಲಬ್ಬಿಗೆ ಬೀಗ. ಸಂಜೆ ಒಳಗೆ ಹೇಳು.”

ಮರಿ ಫೋನ್ ಎತ್ತಲಿಲ್ಲ. ಮಧ್ಯಾಹ್ನ ಎಲ್ಲರೂ ವೃತ್ತದಲ್ಲಿ ಕೂತರು. ಅವಳು ಅವನ ಎದುರಿನ ಕುರ್ಚಿಯಲ್ಲಿದ್ದಳು.

“ಈ ನಂಬರ್ ನಿಮ್ಮದಾ?”

“ನಂದೇ.”

“ಮೆಸೇಜ್ ಹೋಗಿದ್ದು ನಿಮ್ಮ ಫೋನಿಂದಾನೇ?”

“ಹೌದು.”

‘ಇಲ್ಲ ಅಂತ ಹೇಳು. ಒಂದು ಸಲ ಹೇಳು, ನಂಬಿಬಿಡ್ತೀನಿ...’ ಅವಳ ಮನಸ್ಸು ಅಂಗಲಾಚುತ್ತಿತ್ತು. ಬಾಯಿ ಮಾತ್ರ ಅಧ್ಯಕ್ಷೆಯ ಬಾಯಿಯಾಗಿಯೇ ಉಳಿಯಿತು. “ಯಾಕೆ?”

ಒಂದು ಕ್ಷಣವೂ ಬಾಯಿ ಮುಚ್ಚದ ರೇಡಿಯೋ ಸುಮ್ಮನೆ ಕೂತಿತ್ತು.

“ಅದನ್ನ ಹೇಳೋ ಹಾಗಿಲ್ಲ.”

“ಯಾಕೆ ಹಾಗಿಲ್ಲ?”

“ನೀವೇ ಕಲಿಸಿದ್ದು.”

ಅವಳಿಗೆ ಅದು ಕೊಂಕಾಗಿ ಕೇಳಿಸಿತು. ಎಲ್ಲರೆದುರು ತನ್ನನ್ನು ಆಡಿಕೊಂಡನಲ್ಲ ಎಂದು ಕಣ್ಣು ತುಂಬಿತು. “ಹಾಗಾದ್ರೆ ನಿಮಗೆ ಇಲ್ಲಿ ಕುರ್ಚಿ ಇಲ್ಲ,” ಎಂದಳು.

ಅವನು ಎದ್ದು ತನ್ನ ಕುರ್ಚಿ ಮಡಚಿ, ಸದ್ದಾಗದಂತೆ ಗೋಡೆಗೊರಗಿಸಿ ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎಲ್ಲರೂ ಹೋದ ಮೇಲೆ ಅವಳು ಮುಖ್ಯಸ್ಥೆಗೆ ಬರೆಯಲು ಕೂತಳು. ‘ಮೆಸೇಜ್ ಕಳಿಸಿದ್ದು ಅವನೇ’ ಎಂದು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಆ ತಾಯಿ ಓದಿದ ಮಾತುಗಳು ತಲೆಯಿಂದ ಇಳಿಯುತ್ತಲೇ ಇರಲಿಲ್ಲ. ಕೈಕಾಲು ತಣ್ಣಗಾಗಿ... ಹೊರಗೆ ನಿಂತು ನೋಡಿದವನಿಗೆ ಕೈಕಾಲು ತಣ್ಣಗಾದದ್ದು ಹೇಗೆ ಗೊತ್ತಾಗುತ್ತದೆ?

ಅವಳಿಗೆ ಹೇಳೋಕೆ ಬಾಯಿ ಬರ್ತಿಲ್ಲ.

ಅವಳ ಕೈ ನಿಂತುಬಿಟ್ಟಿತು. ಇದು ಚಾಡಿ ಅಲ್ಲ. ಇದು ವೃತ್ತದ ಮಾತು! ಯಾರೋ ತಮ್ಮ ಕಥೆಯನ್ನೇ ‘ಅವಳು’ ಎಂದು ಹೇಳಿಕೊಂಡಿದ್ದಾರೆ. ಆ ದಾರಿ ತೋರಿಸಿದವಳೇ ತಾನು. ಊರಿಗೆಲ್ಲ ಗೊತ್ತಾಗದಿದ್ದರೆ ಹೋಗಲಿ, ತನಗೂ ಗೊತ್ತಾಗಲಿಲ್ಲವೇ...

ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಹಾಸ್ಟೆಲಿಗೆ ಓಡಿದಳು. ಮರಿಯ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು.

“ಮರಿ, ನಾನು ಬೈಯೋಕೆ ಬಂದಿಲ್ಲ. ಆ ‘ಅವಳು’ ನೀನೇ ಅಲ್ವಾ?”

ಒಳಗೆ ಚಿಲಕ ಸರಿಯಿತು. ಮರಿಯ ಕಣ್ಣುಗಳು ಬಾತುಹೋಗಿದ್ದವು.

“ನಾನೇ ಅಕ್ಕಾ. ನನ್ನ ಫೋನಿಂದ ಕಳಿಸಿದ್ರೆ ಅಮ್ಮ ತಕ್ಷಣ ಫೋನ್ ಮಾಡ್ತಾರೆ. ಅವರ ದನಿ ಕೇಳಿದ್ರೆ ನಾನು ಮತ್ತೆ ಸುಳ್ಳು ಹೇಳ್ಬಿಡ್ತೀನಿ. ಅದಕ್ಕೆ ರೇಡಿಯೋ ಅಣ್ಣನ ಫೋನ್ ಕೇಳಿ ಇಸ್ಕೊಂಡೆ. ನಾನಾಗಿ ಹೇಳೋ ತನಕ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರು... ಯಾಕಕ್ಕಾ, ಏನಾಯ್ತು?”

ಅವಳು ನಡೆದದ್ದನ್ನೆಲ್ಲ ಹೇಳಿದಳು. ಮರಿ ಮುಖ ಕೂಡ ತೊಳೆಯದೆ ಹೊರಟಳು. ಮುಖ್ಯಸ್ಥೆಯ ಕೋಣೆಯಲ್ಲಿ, ಫೋನಿನ ಆ ಕಡೆ ಇದ್ದ ಅಮ್ಮನಿಗೆ, “ಅದನ್ನ ಬರೆದಿದ್ದು ನಾನೇ ಅಮ್ಮಾ” ಎಂದಳು. ಆ ಕಡೆಯಿಂದ ಬೈಗುಳ ಬರಲಿಲ್ಲ, ಅಳು ಬಂತು. “ನಾನು ಅಷ್ಟು ಕೆಟ್ಟವಳಾ ಕಂದಾ, ನಂಗೆ ಹೇಳೋಕೂ ಭಯವಾ?” ಮುಖ್ಯಸ್ಥೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಬೀಗದ ಮಾತು ಅಲ್ಲಿಗೇ ಮುಗಿಯಿತು.

ಅವಳ ಕೆಲಸ ಮಾತ್ರ ಮುಗಿದಿರಲಿಲ್ಲ. ಕ್ಲಬ್ ಕೋಣೆಗೆ ಹೋಗಿ, ಗೋಡೆಗೊರಗಿದ್ದ ಆ ಕುರ್ಚಿಯನ್ನು ಕಂಕುಳಲ್ಲಿ ಇರುಕಿಕೊಂಡು ರೇಡಿಯೋ ಕೋಣೆಗೆ ನಡೆದಳು.

ಅವನು ವೈರುಗಳನ್ನು ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದ. ಯಾರೋ ಬಂದು ಹೋಗು ಎನ್ನುವ ಮೊದಲೇ ಹೊರಡುವ ಸಿದ್ಧತೆ. ತಲೆ ಎತ್ತಲಿಲ್ಲ. ಅವಳು ಕುರ್ಚಿ ಬಿಡಿಸಿ ಅವನ ಎದುರಿಗಿಟ್ಟಳು. ತಾನು ನಿಂತೇ ಇದ್ದಳು.

“ಮರಿ ಎಲ್ಲಾ ಹೇಳಿದ್ಲು.”

ಅವನ ಕೈ ನಿಂತಿತು. “ಅವಳಾಗೇ ಹೇಳಿದ್ಲಾ?”

“ಅವಳಾಗೇ. ಅಮ್ಮನ ಹತ್ರನೂ ಮಾತಾಡಿದ್ಲು.”

“ಸದ್ಯ.” ಅಷ್ಟು ಹೇಳಿ ಅವನು ದೀರ್ಘವಾಗಿ ಉಸಿರು ಬಿಟ್ಟ. ತನ್ನ ಹೆಸರು ಉಳಿಯಿತೇ ಎಂದು ಕೇಳಲಿಲ್ಲ.

“ಅವಳಿಗೆ ಹೇಳೋಕೆ ಬಾಯಿ ಬರ್ತಿಲ್ಲ,” ಎಂದಳು ಮೆಲ್ಲಗೆ. “ಕೇಳೋದು ಹೇಗೆ ಅಂತ ಊರಿಗೆಲ್ಲ ಕಲಿಸ್ತಾಳೆ. ನೀವು ಸುಮ್ನಿದ್ದಾಗ ಅವಳಿಗೆ ಏನೂ ಕೇಳಿಸ್ಲಿಲ್ಲ. ತಪ್ಪಾಯ್ತು ಅಂತ ಹೇಳೋಕೆ ಬಂದಿದಾಳೆ.”

ಅವನು ಕುರ್ಚಿಯನ್ನು ನೋಡಿದ. ಕೊನೆಗೆ ಕೂತ. “ಅವನಿಗೆ ತುಂಬ ಕೋಪ ಬಂದಿದೆ.”

“ಎಷ್ಟು?”

“ಜನ್ಮದಲ್ಲಿ ಮಾತಾಡ್ಬಾರದು ಅನ್ನೋಷ್ಟು. ಏನ್ ಮಾಡೋದು, ಅವನ ಕಸುಬೇ ಮಾತಾಡೋದು.”

ಅವಳಿಗೆ ಅಳುವಿನ ಮಧ್ಯೆ ನಗು ಬಂತು. ಕಣ್ಣೊರೆಸಿಕೊಂಡಳು. “ಇನ್ನೊಂದು ಮಾತಿದೆ. ಅವಳಿಗೆ... ಅವನು ಅಂದ್ರೆ ಇಷ್ಟ. ಆ ಕಾಫಿ ಕೊಟ್ಟ ದಿನದಿಂದ.”

ಅವನು ಅವಳ ಮುಖವನ್ನೇ ನೋಡಿದ. “ಯಾರಿಗೆ?”

“ಅವಳಿಗೆ.”

“ಅವಳು ಅಂದ್ರೆ?”

ಎಷ್ಟೋ ಜನರ ಬಾಯಿಂದ ಕಷ್ಟಪಟ್ಟು ಹೊರಡಿಸಿದ ಆ ಒಂದು ಮಾತು ಎಷ್ಟು ಭಾರ ಎಂದು ಅವಳಿಗೆ ಈಗ ಗೊತ್ತಾಯಿತು.

“ಅವಳು ಅಂದ್ರೆ... ನಾನು.”

ಮೇಜಿನ ಮೇಲಿದ್ದ ಮೈಕಿನ ಕಡೆ ಥಟ್ಟನೆ ಅವಳ ಕಣ್ಣು ಹೋಯಿತು. “ಅದು ಆಫ್ ಇದೆ ತಾನೇ?”

“ಆಫ್ ಇದೆ. ಬೇಕಿದ್ರೆ ಬಾಗಿಲ ಹೊರಗಿಟ್ಟು ಬರ್ತೀನಿ.”

“ಬೇಡ. ಎಲ್ಲಿಗೂ ಹೋಗ್ಬೇಡಿ.”

ಅವನು ಅವಳ ಕೈ ಹಿಡಿದುಕೊಂಡ.

“ಅವನು ಹೋಗಲ್ಲ,” ಎಂದವನು ತನ್ನನ್ನೇ ತಿದ್ದಿಕೊಂಡ. “ನಾನು ಹೋಗಲ್ಲ.”