ಲಿಡಿಯಾಗೆ ಬಿದ್ದ ಮೂರು ಗುಂಡು

ಇಪ್ಪತ್ತೈದು ವರ್ಷಗಳ ಮೇಲೆ ಎಮೆಟ್ ಕೋಲ್ಬ್ ನನ್ನ ಹೋಟೆಲಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅವನ ತಲೆ ನರೆತಿತ್ತು. ಕಂಕುಳಲ್ಲಿ ನಮ್ಮ ಪತ್ತೇದಾರಿ ಕಾದಂಬರಿಯ ಕಟ್ಟು.

"ನೆಡ್ರಾ, ಅಳ್ತಿದ್ದೀಯಾ?"

"ಏನೇನೋ ತಿಳ್ಕೋಬೇಡ. ಈರುಳ್ಳಿ."

ನಕ್ಕ. ಹಾಳಾದ ನಗುವಿಗೆ ಮಾತ್ರ ವಯಸ್ಸಾಗಿರಲಿಲ್ಲ.

ನನ್ನ ಕಣ್ಣು ಅವನ ಬೆರಳಿಗೆ ಹೋಯಿತು. ಉಂಗುರವಿಲ್ಲ. ಅವನೂ ನನ್ನ ಬೆರಳನ್ನೇ ನೋಡುತ್ತಿದ್ದ. ಈರುಳ್ಳಿ ಸಿಪ್ಪೆ ಬಿಟ್ಟರೆ ಅಲ್ಲೂ ಏನೂ ಇರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ವರ್ಷ, ನ್ಯೂಯಾರ್ಕಿನ ಇದೇ ಬೀದಿಯ ಬಾಡಿಗೆ ಕೋಣೆಯಲ್ಲಿ ಇಬ್ಬರೂ ಸೇರಿ ಅದನ್ನು ಬರೆದದ್ದು. ಒಂದೇ ಟೈಪ್‌ರೈಟರ್. ಅವನು ಪತ್ತೇದಾರನಾಗಿ ಒಂದು ಅಧ್ಯಾಯ, ನಾನು ಕೊಲೆಗಾತಿ ಲಿಡಿಯಾ ಆಗಿ ಮುಂದಿನದು. ಒಬ್ಬರದನ್ನು ಇನ್ನೊಬ್ಬರು ತಿದ್ದುವಂತಿಲ್ಲ, ಮುಂದಿನ ಅಧ್ಯಾಯದಲ್ಲೇ ಉತ್ತರ ಕೊಡಬೇಕು. ಆಗ ಒಬ್ಬ ಪ್ರಕಾಶಕನೂ ಅದನ್ನು ಮೂಸಿ ನೋಡಲಿಲ್ಲ.

"ಈಗ ಒಬ್ಬ ಒಪ್ಪಿದ್ದಾನೆ. ನಿನ್ನ ರುಜು ಬೇಕು."

"ಹದಿನೆಂಟನೇ ಅಧ್ಯಾಯ ಕಿತ್ತುಹಾಕು. ಆಮೇಲೆ ನೋಡೋಣ."

"ಅಯ್ಯೋ, ಪ್ರಕಾಶಕ ಮರುಳಾಗಿರೋದೇ ಅದಕ್ಕೆ! 'ಭಾನುವಾರ ನಾಲ್ಕಕ್ಕೆ ದೋಣಿಕಟ್ಟೆಗೆ ಬಾ, ನಿನ್ನ ಬಿಟ್ಟು ಇರಕ್ಕಾಗಲ್ಲ' ಅಂತ ಲಿಡಿಯಾ ಪತ್ತೇದಾರನಿಗೆ ಬರೀತಾಳಲ್ಲ, ಎಂಥ ಬಲೆ ಅದು! ನಾನು ಬಿದ್ದೆನಾ? ಪೊಲೀಸರನ್ನ ಕಳಿಸಿದೆ."

ನನಗೆ ಪಿತ್ತ ನೆತ್ತಿಗೇರಿತು. ಚಾಕುವನ್ನು ಹಲಗೆ ಮೇಲೆ ಕುಕ್ಕಿದೆ.

"ಬಲೆಯಲ್ಲ ಕಣೋ ಕತ್ತೆ! ಅದು ನಾನು ನಿನಗೆ ಬರೆದದ್ದು. ಹೊಸ ಟೋಪಿ ಹಾಕ್ಕೊಂಡು ಏಳು ಗಂಟೆವರೆಗೆ ಆ ಗಾಳೀಲಿ ನಿಂತಿದ್ದೆ. ವಾಪಸ್ ಬಂದರೆ ಮೇಜಿನ ಮೇಲೆ ನಿನ್ನ ಹತ್ತೊಂಬತ್ತನೇ ಅಧ್ಯಾಯ. ಲಿಡಿಯಾಗೆ ಮೂರು ಗುಂಡು!"

ಅವನ ಕಿವಿ ಕೆಂಪಾದವು.

"ಅದಕ್ಕೇ ಮಾರನೇ ದಿನ ಪೆಟ್ಟಿಗೆ ಕಟ್ಟಿದ್ದಾ? ಬಾಯಿಬಿಟ್ಟು ಹೇಳಬಾರದಾಗಿತ್ತಾ?"

"ಆಗ ನಾವು ಬಾಯಲ್ಲಿ ಏನಾದ್ರೂ ಹೇಳ್ತಿದ್ದೆವಾ?"

ಅವನು ಒಂದು ಸ್ಟೂಲು ಎಳೆದುಕೊಂಡು ಕೂತ. "ಒಂದು ಗುಂಡು ಸಾಕಾಗಿತ್ತು, ನೆಡ್ರಾ. ಮೂರು ಯಾಕೆ ಹೊಡೆಸಿದೆ ಗೊತ್ತಾ? ಅವಳು ಆ ಪತ್ತೇದಾರನಿಗೆ ಅಷ್ಟು ಚೆನ್ನಾಗಿ ಬರೆದಳಲ್ಲ ಅಂತ ಹೊಟ್ಟೆ ಉರೀತು. ನನಗ್ಯಾರೂ ಹಾಗೆ ಬರೆದಿರಲಿಲ್ಲ."

"ನಿನ್ನ ಪತ್ತೇದಾರನ ಮೇಲೇ ನಿನಗೆ ಹೊಟ್ಟೆಕಿಚ್ಚಾ!"

ನಗಬಾರದು ಅಂದುಕೊಂಡಿದ್ದೆ. ಆಗಲಿಲ್ಲ.

ಎಮೆಟ್ ಕಟ್ಟು ಬಿಚ್ಚಿ ಹದಿನೆಂಟನೇ ಅಧ್ಯಾಯದ ಹಾಳೆಗಳನ್ನು ಎಳೆದು, ಮಡಚಿ, ಎದೆಯ ಜೇಬಿಗಿಟ್ಟುಕೊಂಡ.

"ನನಗೆ ಬಂದ ಕಾಗದ. ಊರವರಿಗೆಲ್ಲ ಯಾಕೆ ಓದಿಸಲಿ?"

"ಪುಸ್ತಕ?"

"ಎರಡೂ ಅಧ್ಯಾಯ ಹೊಸದಾಗಿ ಬರೆಯೋಣ. ಲಿಡಿಯಾ ಬದುಕಲಿ."

"ಪ್ರಕಾಶಕ ಒಪ್ಪದಿದ್ದರೆ?"

"ಹಾಳಾಗಿ ಹೋಗಲಿ. ನೀನು ಒಪ್ತೀಯಾ?"

ಕೈ ಒರೆಸಿಕೊಂಡು ಅವನ ಪಕ್ಕದ ಸ್ಟೂಲಿನಲ್ಲಿ ಕೂತೆ. "ಈ ಸಲ ಅಕ್ಕಪಕ್ಕ ಕೂತೇ ಬರೆಯೋದು. ಹೇಳೋದೇನಿದ್ದರೂ ಬಾಯಲ್ಲೇ."

"ಹಾಗಾದ್ರೆ ಹೇಳು."

ಹೇಳಿದೆ. ನನ್ನ ಗಂಟಲು ಮೊದಲೇ ದೊಡ್ಡದು. ಮೂಲೆಯಲ್ಲಿ ಸೂಪ್ ಕುಡಿಯುತ್ತಿದ್ದ ಮುದುಕ ಚಮಚ ಕೆಳಗಿಟ್ಟ.