೮೬೧೩ ನಂಬರಿನ ಎಂಜಿನ್

"ಚೀಲ ಇದೆ, ಕನ್ನಡಕ ಇದೆ, ಪೆನ್ಸಿಲ್ಲೂ ಇದೆ. ಪುಸ್ತಕ ಎಲ್ಲಿ ಹೋಯ್ತು?"

ಮಹಾಲಕ್ಷ್ಮಿ ಕೇಳಿದ್ದು ಯಾರನ್ನೂ ಅಲ್ಲ. ರೈಲ್ವೆ ಪೊಲೀಸರು ಕೊಟ್ಟುಹೋದ ಗಂಡನ ಸಾಮಾನನ್ನು ಮಂಚದ ಮೇಲೆ ಹರಡಿಕೊಂಡು ಕೂತಿದ್ದಳು. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಶೀನಪ್ಪ ಹಾಗೇ ನಿಂತ.

ರೈಲ್ವೆ ಪೊಲೀಸಿನಲ್ಲಿ ಸಬ್‌ಇನ್‌ಸ್ಪೆಕ್ಟರಾಗಿದ್ದು ನಿವೃತ್ತನಾದವನು ಶೀನಪ್ಪ. ಊರು ಕಾರ್ಕಳದ ಕಡೆ. ಕಲ್ಕತ್ತೆಗೆ ಬಂದು ಮೂವತ್ತು ವರ್ಷ. ಮಾತು ಕಡಿಮೆ, ಕಿವಿ ಹೆಚ್ಚು. ಅಜ್ಜ ರಾಗವಾಗಿ ಓದುತ್ತಿದ್ದ ಭಾರತ ಕೇಳುತ್ತ ಬೆಳೆದ ಕಿವಿ ಅದು. ಎದುರಿನವರು ಎಲ್ಲಿ ಉಸಿರು ನುಂಗಿದರು ಎನ್ನುವುದೂ ಅದಕ್ಕೆ ಕೇಳಿಸುತ್ತಿತ್ತು.

ಹೋದ ಡಿಸೆಂಬರ್, ಎಪ್ಪತ್ತೊಂದರ ಯುದ್ಧದ ವಾರ, ಮಹಾಲಕ್ಷ್ಮಿಯ ಗಂಡ ರಾಜಗೋಪಾಲ ಸರಕು ಯಾರ್ಡಿನಲ್ಲಿ ಎಂಜಿನ್ನಿಗೆ ಸಿಕ್ಕಿ ಸತ್ತಿದ್ದ. ರೈಲ್ವೆ ಕಚೇರಿಯ ಗುಮಾಸ್ತ, ಮೈಸೂರಿನವನು. ಬೀಡಿಯಿಲ್ಲ, ಇಸ್ಪೀಟಿಲ್ಲ. ಇದ್ದದ್ದೊಂದೇ ಚಟ — ಗೂಡ್ಸ್ ಎಂಜಿನ್ನುಗಳನ್ನು ನೋಡುವುದು, ಗುರುತು ಹಿಡಿಯುವುದು, ನಂಬರು ಬರೆದುಕೊಳ್ಳುವುದು. ಜೊತೆಗೆ ಅದೇ ಚಟದ ಗೆಳೆಯ, ಬ್ಯಾಂಕಿನಲ್ಲಿದ್ದ ಶಾಂತಾರಾಮ. ಹನ್ನೆರಡು ವರ್ಷ ಇಬ್ಬರೂ ಸಂಜೆಯಾದರೆ ಯಾರ್ಡಿನ ಮೇಲ್ಸೇತುವೆಯಲ್ಲಿ.

"ಪುಸ್ತಕ ಯಾವಾಗಲೂ ಜೇಬಲ್ಲೇ ಇರುತ್ತಿತ್ತೇನಮ್ಮ?"

"ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೀತಿದ್ರು. ನನ್ನ ಹುಟ್ಟಿದ ದಿನ ಮರೀತಿದ್ರು ಶೀನಪ್ಪನವರೇ. ಯಾವ ಎಂಜಿನ್ನು ಯಾವತ್ತು ಬಂತು ಅನ್ನೋದು ಮಾತ್ರ ಮರೀತಿರ್ಲಿಲ್ಲ!" ನಗಲು ಹೋದಳು, ಆಗಲಿಲ್ಲ.

"ಶಾಂತಾರಾಮರು ಬರ್ತಾರಾ?"

"ಪ್ರತಿ ಭಾನುವಾರ. ದಕ್ಷಿಣೇಶ್ವರದ ಕಾಳಿ ಗುಡಿ ಪ್ರಸಾದ ತರ್ತಾರೆ. ರೇಷನ್ನೂ ಅವರೇ ತಂದುಹಾಕೋದು. ಒಡಹುಟ್ಟಿದೋರೂ ಅಷ್ಟು ಮಾಡಲ್ಲ." ಕನ್ನಡಕವನ್ನು ಚೀಲದೊಳಗಿಡುತ್ತ ಅಂದಳು: "ನನ್ನ ಸಂಕಟ ಒಂದೇ. ಇಷ್ಟು ಜನ ಇರೋ ಊರಲ್ಲಿ ಒಬ್ಬರೇ ಬಿದ್ದು ಸತ್ರಲ್ಲ!"

ಶೀನಪ್ಪ ಬಂದದ್ದು ಇನ್ನೊಬ್ಬನಿಗಾಗಿ. ಎಂಜಿನ್ ನಡೆಸುತ್ತಿದ್ದ ಹೊನ್ನಪ್ಪ ಅಂದಿನಿಂದ ಅಮಾನತಿನಲ್ಲಿದ್ದ; ಶೀನಪ್ಪನ ಸಹಾಯ ಕೇಳಿದ್ದ. ಸೀಟಿ ಹಾಕದೆ ಎಂಜಿನ್ ಹಿಂದಕ್ಕೆ ಬಿಟ್ಟ ಎಂಬುದು ಆರೋಪ. ಸಾಕ್ಷಿ ಒಬ್ಬನೇ — ಶಾಂತಾರಾಮ. ಸೋಮವಾರ ಕೊನೆಯ ವಿಚಾರಣೆ. ಅಲ್ಲಿಗೆ ಹೊನ್ನಪ್ಪನ ಕೆಲಸ ಹೋದಂತೆ.

ಶನಿವಾರ ಬೆಳಿಗ್ಗೆ ಶೀನಪ್ಪ ಯಾರ್ಡಿಗೆ ಹೋದ. ಹೊನ್ನಪ್ಪ ಗೇಟಿನಲ್ಲೇ ಕಾಯುತ್ತಿದ್ದ.

"ಎರಡ ಸಲ ಸೀಟಿ ಹೊಡದೇನ್ರೀ ಸಾಹೇಬ್ರ, ದೇವರಾಣಿ! ಟೆಂಡರಿನ ಹಿಂದ ಮನಷ್ಯಾ ನಿಂತಾನಂತ ನನಗ ಹ್ಯಾಂಗ ಕಾಣಬೇಕು?"

ಟೆಂಡರೆಂದರೆ ಎಂಜಿನ್ನಿನ ಬೆನ್ನಿಗೆ ಕಟ್ಟಿದ, ಕಲ್ಲಿದ್ದಲು ನೀರು ಹೊರುವ ಬಂಡಿ. ಶೀನಪ್ಪ ಸಾಕ್ಷಿಯ ಹೇಳಿಕೆಯ ನಕಲನ್ನು ಬಿಡಿಸಿದ.

"ನಾನು ಮೇಲ್ಸೇತುವೆಯಲ್ಲಿದ್ದೆ. ೮೬೧೩ನೆಯ ಎಂಜಿನ್ ನನ್ನ ಕಡೆ ಮುಖಮಾಡಿ ನಿಂತಿತ್ತು. ಸೀಟಿ ಹಾಕದೆ ಹಿಂದಕ್ಕೆ ಹೋಯಿತು. ಅದರ ಹಿಂದೆ ರಾಜಗೋಪಾಲ ಇದ್ದದ್ದು ನನಗೆ ಕಾಣಲಿಲ್ಲ."

"ನಿನ್ನ ಎಂಜಿನ್ ನಂಬರು?"

"೯೦೪೧. ಅಕಾ, ಅಲ್ಲೇ ನಿಂತೈತಿ. ವಿಚಾರಣೆ ಮುಗಿಯೂತನಕ ಮುಟ್ಟಬಾರದಂತ."

"ಇಲ್ಲಿ ಬೇರೆ ನಂಬರಿದೆಯಲ್ಲ?"

"ಬರಕೊಂಡಾವನ ಕೈತಪ್ಪು ಅಂತ ಬಿಟ್ಟಾರ್ರೀ."

ಶೀನಪ್ಪ ಬಿಡಲಿಲ್ಲ. ಸೇತುವೆ ಹತ್ತಿ ನೋಡಿದ. ಎಂಜಿನ್ನಿನ ಮುಖದ ಮೇಲೆ ೯೦೪೧. ಇಳಿದು ಪಕ್ಕಕ್ಕೆ ಹೋದ. ಹಿತ್ತಾಳೆಯ ಫಲಕದಲ್ಲೂ ೯೦೪೧. ಆಮೇಲೆ ಹಿಂದಕ್ಕೆ ನಡೆದ — ರಾಜಗೋಪಾಲ ಬಿದ್ದಿದ್ದ ಜಾಗಕ್ಕೆ. ಅಲ್ಲಿ ಬಹಳ ಹೊತ್ತು ನಿಂತ.

"ಹೊನ್ನಪ್ಪ, ಈ ಟೆಂಡರು ಯಾವತ್ತು ಜೋಡಿಸಿದ್ದು?"

"ಅವತ್ತ ಮುಂಜಾನೆ. ವರ್ಕ್‌ಶಾಪಿನಾಗ ಹಳೇದು ಸೋರತಿತ್ತು, ಬ್ಯಾರೆ ಎಂಜಿನ್ನಿಂದು ಹಚ್ಚಿ ಕಳಿಸಿದ್ರು. ಯಾಕ್ರೀ?"

ಶೀನಪ್ಪ ಹೇಳಿಕೆಯ ನಕಲನ್ನು ಮಡಚಿ ಜೇಬಿಗಿಟ್ಟುಕೊಂಡು ಗೇಟಿನ ಕಡೆ ನಡೆದ.

ಭಾನುವಾರ ಶಾಂತಾರಾಮ ಬಂದಾಗ ಶೀನಪ್ಪ ಮಹಾಲಕ್ಷ್ಮಿಯ ಮನೆಯಲ್ಲೇ ಕೂತಿದ್ದ. ಶಾಂತಾರಾಮ ಎಲೆಯ ಪೊಟ್ಟಣವನ್ನು ದೇವರ ಮುಂದಿಟ್ಟು, ಅಕ್ಕಿಯ ಚೀಲವನ್ನು ಒಳಗಿಟ್ಟು ಬಂದ. ಒಂದೇ ತಿಂಗಳಲ್ಲಿ ಕೂದಲು ಪೂರಾ ಬೆಳ್ಳಗಾಗಿತ್ತು.

"ಶಾಂತಾರಾಮರೇ, ಇಷ್ಟು ವರ್ಷದಲ್ಲಿ ಒಂದು ನಂಬರಾದರೂ ತಪ್ಪು ಓದಿದ್ದುಂಟಾ?"

"ಎಂತ ಮಾತು ಮಾರಾಯ್ರೆ! ಹೆಂಡತಿಯ ಗುರುತು ತಪ್ಪಬಹುದು, ಎಂಜಿನ್ನಿಂದು ತಪ್ಪಲಿಕ್ಕಿಲ್ಲ."

"ಹಾಗಾದರೆ ೮೬೧೩ ಎಲ್ಲಿ ಓದಿದಿರಿ?"

"ಎಂಜಿನ್ನಿನ ಮುಖದ ಮೇಲೆ. ಸೇತುವೆಯಿಂದ."

"ಮುಖದ ಮೇಲಿರುವುದು ೯೦೪೧."

ಶಾಂತಾರಾಮನ ಉಸಿರು ನಡುವೆ ತಡೆದದ್ದು ಶೀನಪ್ಪನಿಗೆ ಕೇಳಿಸಿತು.

"೮೬೧೩ ಇರುವುದು ಒಂದೇ ಕಡೆ. ಟೆಂಡರಿನ ಬೆನ್ನ ಮೇಲೆ. ಅದು ಬೇರೆ ಎಂಜಿನ್ನಿನ ಟೆಂಡರು. ನಂಬರು ಅಳಿಸಿ ಬರೆಯುವಷ್ಟು ವ್ಯವಧಾನ ವರ್ಕ್‌ಶಾಪಿನವರಿಗಿರಲಿಲ್ಲ. ಯಾರ್ಡಿಗೆ ಬಂದದ್ದು ಅದೇ ದಿನ. ಸೇತುವೆಯಿಂದ ಅದು ಕಾಣುವುದಿಲ್ಲ. ಕಾಣಬೇಕಾದರೆ ಹಳಿಯ ಮೇಲೆ, ರಾಜಗೋಪಾಲರು ಸತ್ತಲ್ಲೇ ನಿಂತಿರಬೇಕು. ಎಲ್ಲರೂ ಕೈತಪ್ಪು ಅಂದರು. ನೀವು ನಂಬರು ತಪ್ಪುವವರಲ್ಲ. ಸುಳ್ಳು ಹೇಳುವಾಗಲೂ ಕಂಡ ನಂಬರನ್ನೇ ಹೇಳಿದಿರಿ."

ಮಹಾಲಕ್ಷ್ಮಿ ಗೋಡೆ ಹಿಡಿದು ಕೂತಳು. "ನೀವು... ಅಲ್ಲಿದ್ರಾ?"

ಶಾಂತಾರಾಮ ನೆಲ ನೋಡುತ್ತ ಹೇಳಿದ.

"ಅವನು ಪಕ್ಕದಲ್ಲಿ ೯೦೪೧ ಅಂತ ಬರೆದುಕೊಂಡ. ನಾನು ಹಿಂದಿನಿಂದ ೮೬೧೩ ಅಂದೆ. 'ನಿನ್ನ ಕಣ್ಣಿಗೆ ಪೊರೆ ಬಂದಿದೆ' ಅಂತ ನಗಾಡಿದ. ನಾನೇ ಕರೆದೆ, ಅತ್ತಿಗೆ — ಬಾ, ನೀನೇ ನೋಡು ಅಂತ. ಬಂದ. ಸೀಟಿ ಎರಡು ಸಲ ಆಯ್ತು. ಯಾರ್ಡಿನಲ್ಲಿ ಯಾವಾಗಲೂ ಸೀಟಿಯೇ ಅಲ್ವಾ... ನಾನು ಪಕ್ಕಕ್ಕೆ ಹಾರಿಕೊಂಡೆ."

"ತಕ್ಷಣ ಪ್ರಾಣ ಹೋಯ್ತು ಅಂತ ನನಗೆ ಹೇಳಿದ್ರಿ," ಅಂದಳು ಮಹಾಲಕ್ಷ್ಮಿ.

"ಇಲ್ಲ. ಕೈ ಹಿಡಿದುಕೊಂಡಿದ್ದ. ಜನ ಓಡಿ ಬರುವ ಸದ್ದು ಕೇಳಿತು. ಯುದ್ಧದ ಸಮಯ, ಯಾರ್ಡು ತುಂಬ ಮಿಲಿಟರಿ ಸಾಮಾನು, ನಮ್ಮ ಹತ್ತಿರ ನಂಬರು ಬರೆದ ಪುಸ್ತಕ. ಗೂಢಚಾರರು ಅಂತ ಹಿಡಿದರೆ? ಪುಸ್ತಕ ತೆಗೆದುಕೊಂಡೆ. ಕೈ... ಬಿಡಿಸಿಕೊಂಡೆ. ಪುಸ್ತಕವನ್ನು ಗಂಗೆಗೆ ಹಾಕಿದೆ."

"ಸೀಟಿ ಇಲ್ಲ ಅಂತ ಯಾಕೆ ಹೇಳಿದಿರಿ?" ಶೀನಪ್ಪ ಕೇಳಿದ.

"ಸೀಟಿ ಆಯ್ತು ಅಂದರೆ, ಕೇಳಿಯೂ ರಾಜಗೋಪಾಲ ಯಾಕೆ ಸರಿಯಲಿಲ್ಲ, ಅಲ್ಲಿಗೆ ಯಾಕೆ ಹೋದ ಅನ್ನುತ್ತಾರೆ. ಅಲ್ಲಿಂದ ನನ್ನ ಹೆಸರಿಗೆ ಎಷ್ಟು ದೂರ?"

ಹೊರಗೆ ಮಂಡಕ್ಕಿ ಮಾರುವವನು ಕೂಗುತ್ತ ಹೋದ. ಆಮೇಲೆ ಶಾಂತಾರಾಮ ಎದ್ದು ಬಂದು ಮಹಾಲಕ್ಷ್ಮಿಯ ಮುಂದೆ ಕೂತ.

"ನಾಳೆ ಹೋಗಿ ಹೇಳ್ತೇನೆ — ಸೀಟಿ ಆಗಿತ್ತು, ನಾನು ಮರೆತಿದ್ದೆ ಅಂತ. ಹೊನ್ನಪ್ಪ ಉಳಿದುಕೊಳ್ಳುತ್ತಾನೆ. ಆದರೆ ನಾನು ಸೇತುವೆಯ ಮೇಲೇ ಇದ್ದೆ ಅಂತ ಇರಲಿ. ನನಗೂ ಬ್ಯಾಂಕಿನ ಕೆಲಸ ಉಂಟು, ಮನೆಯಲ್ಲಿ ಅಮ್ಮ ಇದ್ದಾರೆ. ನೀವು ಹೂಂ ಅಂದರೆ ಶೀನಪ್ಪನವರೂ ಒಪ್ಪಿಯಾರು."

ಶೀನಪ್ಪನಿಗೆ ಒಪ್ಪಬಹುದೆನ್ನಿಸಿತು. ಹೊನ್ನಪ್ಪನಿಗೆ ಬೇಕಾದದ್ದು ಅಷ್ಟೇ. ಆದರೆ ಹೂಂ ಅನ್ನುವ ಹಕ್ಕು ತನ್ನದಲ್ಲವೆಂದು ಮಹಾಲಕ್ಷ್ಮಿಯ ಕಡೆ ನೋಡಿದ.

"ಸೇತುವೆ ಮೇಲಿದ್ರಿ ಅಂತ ಬರೆದ್ರೆ," ಅವಳು ನಿಧಾನವಾಗಿ ಅಂದಳು, "ಅವರು ಒಬ್ಬರೇ ಸತ್ರು ಅಂತಲೇ ಉಳಿಯತ್ತೆ."

"ಅತ್ತಿಗೆ..."

"ಅವರ ಕೈ ನಿಮ್ಮ ಕೈಲಿತ್ತು. ಅಷ್ಟು ಹೊತ್ತು ಇತ್ತು. ಅದನ್ನ ಬರೀರಿ. ಬಿಡಿಸಿಕೊಂಡಿದ್ದನ್ನೂ ಬರೀರಿ."

"ಅದೊಂದನ್ನು ಬಿಟ್ಟು ಏನು ಬೇಕಾದರೂ ಬರೆಯುತ್ತೇನೆ. ಕಾಲಿಗೆ ಬೀಳ್ತೇನೆ ಅತ್ತಿಗೆ, ಅದೊಂದು ಬೇಡ."

"ಆಗೋದಿಲ್ಲ," ಅಂದಳು ಮಹಾಲಕ್ಷ್ಮಿ.